ಹಿತ್ತಲ ಕಾಟು ಮಾವಿಗೆ ನಾಲ್ಕು ಕಸಿ

ನಮ್ಮದು ಸಾಗರದ ಕಡೆ ಅಡಿಕೆ ತೋಟದ ಮನೆ. ಹಿತ್ತಲಲ್ಲಿ ತಾನಾಗಿ ಹುಟ್ಟಿದ ಒಂದು ಕಾಟು ಮಾವಿನ ಮರ ಇದೆ. ಬುಡದಿಂದ ಆಳೆತ್ತರದಲ್ಲಿ ಐದು ಕೊಂಬೆ ಒಡೆದಿದೆ. ಹಣ್ಣು ಸಣ್ಣದು, ನಾರು ಜಾಸ್ತಿ, ಹುಳಿ. ಗೊಜ್ಜಿಗೆ, ಸಾಸಿವೆಗೆ ಚೆನ್ನಾಗಿರುತ್ತದೆ. ಮಕ್ಕಳು ಮಾತ್ರ ಮುಟ್ಟುತ್ತಿರಲಿಲ್ಲ. 2013ರಲ್ಲಿ ಅದನ್ನು ಕಡಿದು ಬೇರೆ ಗಿಡ ನೆಡೋಣ ಅಂತ ಹೊರಟಿದ್ದೆ. ಆಗಲೇ ಉತ್ತರ ಪ್ರದೇಶದ ಮಲಿಹಾಬಾದಿನ ಕಲೀಮುಲ್ಲಾ ಖಾನ್ ಅವರ ಬಗ್ಗೆ ಓದಿದ್ದು. ಒಂದೇ ಮಾವಿನ ಮರಕ್ಕೆ 300ಕ್ಕೂ ಹೆಚ್ಚು ತಳಿ ಕಸಿ ಕಟ್ಟಿದವರು, 2008ರಲ್ಲಿ ಪದ್ಮಶ್ರೀ ಪಡೆದವರು. ನನಗೆ ಮುನ್ನೂರು ಬೇಡ, ನಾಲ್ಕು ಸಾಕು ಅನ್ನಿಸಿತು. ಬೇರು ಗಟ್ಟಿ ಇರುವ ಮರವನ್ನು ಸುಮ್ನೆ ಯಾಕೆ ಕಡಿಯಬೇಕು, ಅಲ್ವಾ?

ಆ ಮಾರ್ಚಿನಲ್ಲಿ ಐದು ಕೊಂಬೆಗಳಲ್ಲಿ ಮೂರನ್ನು ಮಾತ್ರ ಎರಡು ಅಡಿ ಮೋಟು ಬಿಟ್ಟು ಕೊಯ್ದೆ. "ಕಡಿಯೋದಾದ್ರೆ ಪೂರ್ತಿ ಕಡಿ, ಹೀಗೆ ಅರ್ಧಂಬರ್ಧ ಯಾಕೆ ಮಾಡ್ತೀಯೋ" ಅಂದರು ಅಮ್ಮ. ಆದರೆ ಎಲ್ಲವನ್ನೂ ಒಟ್ಟಿಗೆ ಕೊಯ್ದರೆ ಎಲೆಯೇ ಇರುವುದಿಲ್ಲ, ಬೇರಿಗೆ ಊಟ ಎಲ್ಲಿಂದ ಬರಬೇಕು? ಉಳಿದ ಎರಡು ಕೊಂಬೆ ಮರವನ್ನು ಸಾಕುತ್ತವೆ. ಕೊಯ್ದ ಗಾಯ ಕೊಳೆಯದಂತೆ ಬೋರ್ಡೊ ಪೇಸ್ಟ್ ಬಳಿದೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಮನೆಯಲ್ಲಿ ಮೈಲುತುತ್ತು, ಸುಣ್ಣ ಇದ್ದೇ ಇರುತ್ತದೆ. ಪೇಸ್ಟಿಗೆ 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಪ್ಲಾಸ್ಟಿಕ್ ಪಾತ್ರೆಯಲ್ಲೇ ಕಲಸಬೇಕು. ನೆರಳು ತಪ್ಪಿದ ಕಾಂಡ ಬಿಸಿಲಿಗೆ ಸುಡಬಾರದೆಂದು ಅದಕ್ಕೂ ಸುಣ್ಣ ಹೊಡೆದೆ.

ಎರಡು ತಿಂಗಳಲ್ಲಿ ಒಂದೊಂದು ಮೋಟಿನಿಂದ ಹತ್ತಿಪ್ಪತ್ತು ಚಿಗುರು ಬಂತು. ಹೊರಮುಖವಾಗಿ ಬೆಳೆದ ನಾಲ್ಕೈದನ್ನು ಉಳಿಸಿ ಮಿಕ್ಕವನ್ನು ಚಿವುಟಿದೆ. ಆ ಎಳೆ ಚಿಗುರು ಪೆನ್ಸಿಲ್ ಗಾತ್ರಕ್ಕೆ ಬಂದಾಗ ಕಸಿ ಕಟ್ಟಬೇಕು.

ಕಟ್ಟಿದ ಸಮಯದಲ್ಲೇ ಎಡವಿದ್ದು. ಮಳೆಗಾಲದಲ್ಲಿ ಕಸಿ ಕಟ್ಟಬೇಕು ಅಂತ ಓದಿ ಜೂನ್ ಕೊನೆಯ ಆರಿದ್ರೆ ಮಳೆಯಲ್ಲಿ ಹನ್ನೊಂದು ಕಟ್ಟಿದೆ. ನಮ್ಮ ಕಡೆ ಆರಿದ್ರೆ, ಪುನರ್ವಸು ಅಂದರೆ ಸೂರ್ಯನೇ ಕಾಣುವುದಿಲ್ಲ. ಕಟ್ಟಿನೊಳಗೆ ನೀರು ಇಳಿದು ಹತ್ತು ಕಪ್ಪಾಗಿ ಕೊಳೆತವು. ಉಳಿದದ್ದು ಮಲ್ಲಿಕಾ ತಳಿಯದು ಒಂದೇ. ಮರುವರ್ಷ ಮಖೆ ಮಳೆ ಹಿಡಿದು ಬಿಟ್ಟು ಬರುವ ಹೊತ್ತಿಗೆ, ಆಗಸ್ಟ್ ಕೊನೆಯಲ್ಲಿ, ಹದಿನಾಲ್ಕು ಕಟ್ಟಿದೆ. ಒಂಬತ್ತು ಹಿಡಿದವು. ಗಾಳಿಯಲ್ಲಿ ತೇವ ಇರಬೇಕು, ಧಾರೆ ಮಳೆ ಇರಬಾರದು. ಬಯಲುಸೀಮೆಯವರಿಗೆ ಜೂನ್, ಜುಲೈ ಸರಿಯಾಗಬಹುದು. ಮಲೆನಾಡಿನವರು ಕಾಯುವುದೇ ಒಳ್ಳೆಯದು.

ಇನ್ನೊಂದು ವ್ಯತ್ಯಾಸ ಕಸಿ ಕಡ್ಡಿಯದು, ಅಂದರೆ ಬೇಕಾದ ತಳಿಯ ಮರದಿಂದ ತಂದು ಕಟ್ಟುವ ಕಡ್ಡಿಯದು. ಮೊದಲ ವರ್ಷ ಕಟ್ಟುವ ಹೊತ್ತಿಗೇ ಕಡಿದು ತಂದು ಕಟ್ಟಿದ್ದೆ. ಎರಡನೇ ವರ್ಷ ತಯಾರು ಮಾಡಿಕೊಂಡೆ. ಮೂರು ನಾಲ್ಕು ತಿಂಗಳು ಬಲಿತ ಕಡ್ಡಿಯನ್ನು ಮರದಲ್ಲೇ ಗುರುತು ಮಾಡಿ, ಹತ್ತು ದಿನ ಮೊದಲು ಎಲೆಗಳನ್ನೆಲ್ಲ ಕತ್ತರಿಸಬೇಕು. ತೊಟ್ಟು ಮಾತ್ರ ಬಿಡಬೇಕು. ಕೆಲವು ದಿನದಲ್ಲಿ ತೊಟ್ಟು ಮುಟ್ಟಿದರೆ ಉದುರುತ್ತದೆ, ತುದಿಯ ಮೊಗ್ಗು ಉಬ್ಬುತ್ತದೆ. ಆಗ ಕಡಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಅದೇ ದಿನ ಕಟ್ಟಬೇಕು.

ಕಟ್ಟುವ ಕೆಲಸ ಹತ್ತು ನಿಮಿಷದ್ದು. ಚಿಗುರಿನ ತುದಿ ಕತ್ತರಿಸಿ ನಡುವೆ ಒಂದೂವರೆ ಇಂಚು ಸೀಳಬೇಕು. ಕಡ್ಡಿಯ ಬುಡವನ್ನು ಎರಡೂ ಕಡೆ ಬೆಣೆಯ ಹಾಗೆ ಕೆತ್ತಿ ಆ ಸೀಳಿನೊಳಗೆ ಕೂರಿಸಬೇಕು. ಕೆತ್ತುವಾಗ ಒಂದೇ ಎಳೆತ. ಉಜ್ಜಿ ಉಜ್ಜಿ ಕೆತ್ತಿದರೆ ಮೈ ಏರುಪೇರಾಗಿ ಒಳಗೆ ಗಾಳಿ ನಿಲ್ಲುತ್ತದೆ. ಎರಡರ ದಪ್ಪ ಒಂದೇ ಇಲ್ಲದಿದ್ದರೆ ನಡುವೆ ಇಡಬೇಡಿ. ತೊಗಟೆಯ ಅಡಿಯ ಹಸಿರು ಪದರ ಒಂದು ಬದಿಯಲ್ಲಾದರೂ ಕೂಡಬೇಕು, ಬೆಸೆಯುವುದು ಅಲ್ಲೇ. ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಹೆಂಚು ಹೊದಿಸಿದ ಹಾಗೆ ಸುತ್ತಿದರೆ ನೀರು ಇಳಿಯುವುದಿಲ್ಲ. ಮೇಲೆ ಐಸ್ ಕ್ಯಾಂಡಿಯ ಉದ್ದ ಕೊಳವೆ ಕವರ್ ತೊಡಿಸಿ ಬುಡದಲ್ಲಿ ಕಟ್ಟಿದೆ. ಮೂರು ವಾರದ ಹೊತ್ತಿಗೆ ಚಿಗುರು ಕವರಿಗೆ ತಾಗಿತು. ಆಗ ಮೋಡದ ದಿನ ನೋಡಿ ಕವರ್ ತೆಗೆದೆ. ಮಾವಿನ ಸೊನೆ ಕೈ ಸುಡುತ್ತದೆ, ಮೊದಲೇ ಎಣ್ಣೆ ಹಚ್ಚಿಕೊಳ್ಳಿ.

ಪಟ್ಟಿ ಬಿಚ್ಚುವುದನ್ನು ಮಾತ್ರ ಮರೆಯಬೇಡಿ. ರಸಪುರಿಯ ಒಂದು ಕಸಿಯಲ್ಲಿ ಪಟ್ಟಿ ಹಾಗೇ ಉಳಿದಿತ್ತು. ಅದು ಒಳಗೇ ಕೊರೆದು, ಎರಡನೇ ವರ್ಷದ ಗಾಳಿಗೆ ಮೊಳದುದ್ದದ ಕೊಂಬೆ ಕಟ್ಟಿನಲ್ಲೇ ಮುರಿದುಬಿತ್ತು. ಈಗ ಮೂರು ತಿಂಗಳಾದ ಮೇಲೆ, ದೀಪಾವಳಿ ಮುಗಿದು ಒಂದೆರಡು ವಾರಕ್ಕೆ, ಎಲ್ಲ ಕಟ್ಟು ಬಿಚ್ಚುತ್ತೇನೆ.

ಹೀಗೆ ಮೂರು ಕೊಂಬೆಗೆ ಮಲ್ಲಿಕಾ, ರಸಪುರಿ, ಆಮ್ರಪಾಲಿ ಬಂದವು. ನಾಲ್ಕನೆಯದು ನನಗೆ ಎಲ್ಲಕ್ಕಿಂತ ಹೆಚ್ಚಿನದು. ಹೊಳೆಯ ಆಚೆ ಒಂದು ಗದ್ದೆಯ ಅಂಚಿನಲ್ಲಿ ಮಿಡಿ ಉಪ್ಪಿನಕಾಯಿಗೆ ಹಾಕುವ ಜೀರಿಗೆ ಅಪ್ಪೆ ಮಾವಿನ ಹಳೆಯ ಮರ ಇತ್ತು. ಚಿಗುರು ಹಿಸುಕಿ ಮೂಸಿದರೆ ಜೀರಿಗೆಯ ಘಮ. ಆದರೆ ಬಹಳ ಎತ್ತರ. ಹತ್ತುವವರು ಸಿಗುತ್ತಿರಲಿಲ್ಲ. ಸಿಕ್ಕವರು ಕೊಂಬೆ ಕಡಿದು ಕೆಡವುತ್ತಿದ್ದರು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಕಾಯಿಗೆ ಬರುವುದಿಲ್ಲ, ಒಂದು ಕೊಳೆತರೆ ಭರಣಿಯೇ ಹಾಳು. 2015ರಲ್ಲಿ ನಮ್ಮ ಮರದ ನಾಲ್ಕನೇ ಕೊಂಬೆ ಕೊಯ್ದು ಆ ಅಪ್ಪೆಯ ಕಡ್ಡಿ ಕಟ್ಟಿದೆ. ಐದನೇ ಕೊಂಬೆ ಅಮ್ಮನಿಗೆ, ಅದು ಈಗಲೂ ಕಾಟು. ಗೊಜ್ಜು ತಪ್ಪಲಿಲ್ಲ.

ಕಟ್ಟಿ ಹಿಡಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ನಿಜವಾದ ಕೆಲಸ ಶುರುವಾದದ್ದು ಅಲ್ಲಿಂದ. ಒಂದೇ ಬೇರಿನ ಮೇಲೆ ನಾಲ್ಕು ಸ್ವಭಾವ. ಮಲ್ಲಿಕಾ, ಆಮ್ರಪಾಲಿ ಎರಡೂ ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯ ತಳಿಗಳು. ಮಲ್ಲಿಕಾ ನೀಲಂ ತಾಯಿ, ದಶೇರಿ ತಂದೆಯ ಮಗು. ಆಮ್ರಪಾಲಿಗೆ ದಶೇರಿ ತಾಯಿ, ನೀಲಂ ತಂದೆ. ಹೀಗಿದ್ದೂ ಆಮ್ರಪಾಲಿ ಕುಳ್ಳು. ಅಪ್ಪೆಯೋ ಕಾಡಿನ ಮರ. ಅದರ ಕಾಯನ್ನು ನಾವು ಮಿಡಿಯಲ್ಲೇ ಕೊಯ್ಯುತ್ತೇವೆ, ಆಮೇಲೆ ಆ ಕೊಂಬೆಗೆ ಕಾಯಿ ಹೊರುವ ಭಾರವೇ ಇಲ್ಲ. ಎಲ್ಲ ಶಕ್ತಿ ಬೆಳೆಯುವುದಕ್ಕೆ. ಮೂರು ವರ್ಷದಲ್ಲಿ ಅಪ್ಪೆ ಮಾಡಿನ ಮೇಲೆ ಹೋಯಿತು. ಬಡಗು ಬದಿಯಲ್ಲಿದ್ದ ಆಮ್ರಪಾಲಿ ಅದರ ನೆರಳಿಗೆ ಸಿಕ್ಕಿ ಹೂ ಬಿಡುವುದನ್ನೇ ನಿಲ್ಲಿಸಿತು.

ಮತ್ತೆ ಶುರು ಮಾಡುವುದಾದರೆ ಕುಳ್ಳು ತಳಿಗೆ ಬಿಸಿಲಿನ ಜಾಗ ಕೊಡುತ್ತೇನೆ, ಜೋರಿನದನ್ನು ಬಡಗಿಗೆ ಕಟ್ಟುತ್ತೇನೆ. ಈಗ ಇರುವುದಕ್ಕೆ ಕತ್ತರಿಯೇ ಗತಿ. ಮಿಡಿ ಕೊಯ್ದ ಕೂಡಲೇ, ಮಳೆಗೆ ಮೊದಲು, ಅಪ್ಪೆಯ ಅರ್ಧ ಕವಲುಗಳನ್ನು ಹಿಂದಕ್ಕೆ ಕತ್ತರಿಸುತ್ತೇನೆ. ಉಳಿದರ್ಧ ಮರುವರ್ಷಕ್ಕೆ. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದ ವರ್ಷ ಬರೀ ಚಿಗುರು ಬಂತು, ಮಿಡಿ ಇಲ್ಲ. ಆಮ್ರಪಾಲಿಯ ಹೂವನ್ನು ಮೂರು ವರ್ಷ ನಾನೇ ಚಿವುಟಿದೆ, ಕೊಂಬೆ ದಪ್ಪವಾಗಲಿ ಅಂತ. ಮನಸ್ಸಿಗೆ ಕಷ್ಟವಾಗುತ್ತಿತ್ತು. 2021ರಲ್ಲಿ ಅದು ಹತ್ತೊಂಬತ್ತು ಹಣ್ಣು ಕೊಟ್ಟಿತು.

ಕಸಿಯ ಕೆಳಗಿನಿಂದ ಕಾಟು ಚಿಗುರು ಬರುವುದು ಎಂದಿಗೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ ಕೈಯಲ್ಲೇ ಮುರಿಯುತ್ತೇನೆ. ಒಂದು ಮಳೆಗಾಲ ಬಿಟ್ಟರೆ ಯಾವುದು ಕಸಿ, ಯಾವುದು ಕಾಟು ಅಂತ ಗೊತ್ತಾಗದ ಹಾಗೆ ಬೆಳೆಯುತ್ತದೆ. ಹಾಗಾಗಿ ಪ್ರತಿ ಕಸಿಯ ಮೇಲೂ ತಗಡಿನ ಚೂರಿನಲ್ಲಿ ಹೆಸರು ಕೊರೆದು ಸಡಿಲವಾಗಿ ತೂಗುಹಾಕಿದ್ದೇನೆ.

ಔಷಧಿ ಹೊಡೆಯುವುದು ಇಂಥ ಮರದಲ್ಲಿ ಕಷ್ಟ. ಒಂದು ಕೊಂಬೆ ಹೂವಿನಲ್ಲಿದ್ದರೆ ಇನ್ನೊಂದರಲ್ಲಿ ಮಿಡಿ. ಮಿಡಿ ಸಿಪ್ಪೆಯೊಂದಿಗೇ ಭರಣಿಗೆ ಹೋಗುವುದರಿಂದ ನಾನು ಏನನ್ನೂ ಹೊಡೆಯುವುದಿಲ್ಲ. ಎಲೆ ಹೆಣೆದು ಗೂಡು ಮಾಡುವ ಕೆಂಪು ಚಗಳಿ ಇರುವೆ ಮರದಲ್ಲಿ ಗೂಡು ಕಟ್ಟಿದೆ, ಕೊಯ್ಯುವಾಗ ಕಚ್ಚುತ್ತದೆ, ಆದರೂ ಹುಳ ಹಿಡಿಯುತ್ತದೆ ಅಂತ ಬಿಟ್ಟಿದ್ದೇನೆ. ಮಲ್ಲಿಕಾ, ಆಮ್ರಪಾಲಿ ತಡವಾಗಿ ಬಲಿಯುವವು, ಮಳೆ ಹಿಡಿದರೆ ಹಣ್ಣು ನೊಣ ಬಿಡುವುದಿಲ್ಲ. ಬಲಿತ ಕಾಯಿಯನ್ನು ಮರದಲ್ಲಿ ಹಣ್ಣಾಗಲು ಬಿಡದೆ ಕೊಯ್ದು ಹುಲ್ಲಿನಲ್ಲಿ ಅಡೆ ಹಾಕುತ್ತೇವೆ. ಉದುರಿದ್ದನ್ನು ದಿನವೂ ಹೆಕ್ಕಿ ಹೂಳುತ್ತೇವೆ.

ಮಾವಿಗೆ ಚಿಕ್ಕು ಕಟ್ಟಬಹುದಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಮಾವಿಗೆ ಮಾವೇ. ನಿಂಬೆ, ಮೂಸಂಬಿ, ಕಿತ್ತಳೆ, ಚಕ್ಕೋತ ಒಂದೇ ಬಳಗ, ಅವನ್ನು ಒಂದೇ ಗಿಡಕ್ಕೆ ಕಣ್ಣು ಕಸಿ (ಕಡ್ಡಿಯ ಬದಲು ಒಂದು ಮೊಗ್ಗನ್ನಷ್ಟೇ ಕೂರಿಸುವುದು) ಮಾಡಬಹುದು.

2019ರ ಆಗಸ್ಟ್ ನೆರೆಯಲ್ಲಿ ಹೊಳೆಯ ದಂಡೆ ಕುಸಿದು ಆ ಹಳೆಯ ಅಪ್ಪೆ ಮರ ಹೋಯಿತು. ಮಳೆ ನಿಂತ ಮೇಲೆ ಹೋಗಿ ನೋಡಿದೆ, ಬೇರು ಮೇಲಾಗಿ ಬಿದ್ದಿತ್ತು. ಈಗ ಆ ಜೀರಿಗೆ ಘಮ ಇರುವುದು ನಮ್ಮ ಹಿತ್ತಲ ನಾಲ್ಕನೇ ಕೊಂಬೆಯಲ್ಲಿ. ಅಮ್ಮ ನೆಲದ ಮೇಲೆ ನಿಂತೇ ತೊಟ್ಟು ಸಮೇತ ಮಿಡಿ ಕೊಯ್ಯುತ್ತಾರೆ. ಈ ವರ್ಷ ಮಖೆಗೆ ಮೊದಲೇ ಅದರ ಎಂಟು ಕಡ್ಡಿಯ ಎಲೆ ತೆಗೆದಿಟ್ಟಿದ್ದೇನೆ. ನಾಲ್ಕು ನನಗೆ, ಕೆಳಗಿನ ತೋಟದ ಕಾಟು ಗಿಡಕ್ಕೆ. ಇನ್ನು ನಾಲ್ಕು ಹೊಳೆಯಾಚೆ ಮನೆಯವರಿಗೆ. ಅವರ ಗದ್ದೆಯ ಅಂಚಿನಲ್ಲೇ ಆ ಮರ ಇದ್ದದ್ದು.