ಫ್ಯಾನ್ ಗಾಳಿಗೆ ಒಣಗಿದ ಸ್ಲೈಡು

ಕಾಸರಗೋಡಿನಲ್ಲಿ ನಾನು ಶ್ವಾಸಕೋಶದ ಡಾಕ್ಟರು. ಮೂಗಿನಿಂದ ತೆಳು ಟ್ಯೂಬ್ ಇಳಿಸಿ ಶ್ವಾಸನಾಳದ ಒಳಗೆ ನೋಡುವ ಬ್ರಾಂಕೋಸ್ಕೋಪಿ ನನ್ನ ದಿನನಿತ್ಯದ ಕೆಲಸ. ಶುರುವಿನಲ್ಲಿ ನನ್ನ ಹೆಮ್ಮೆಯೆಲ್ಲ ಟ್ಯೂಬ್ ಓಡಿಸುವ ಕೈಯ ಮೇಲಿತ್ತು. ಹೊರಗೆ ಬಂದ ಸ್ಯಾಂಪಲ್ ಲ್ಯಾಬಿನವರ ಪಾಡು ಅಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದವರು ಬದಿಯಡ್ಕ ಕಡೆಯ ಒಬ್ಬ ಅಡಿಕೆ ಕೃಷಿಕರು.

ಅರುವತ್ತು ದಾಟಿದವರು, ಹಳೇ ಬೀಡಿ ಅಭ್ಯಾಸ. ಕೆಮ್ಮು, ಕಫದಲ್ಲಿ ಆಗಾಗ ರಕ್ತದ ಗೆರೆ. ಎಕ್ಸ್‌ರೇಯಲ್ಲಿ ಬಿಳಿ ಕಲೆ ಕಂಡು ಯಾರೋ ಟಿಬಿ ಮಾತ್ರೆ ಶುರು ಮಾಡಿದ್ದರು. ಕಫದಲ್ಲಿ ಟಿಬಿ ಸಿಕ್ಕಿರಲಿಲ್ಲ. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ, ಮೊದಲ ಗುಮಾನಿ ಅತ್ತ ಹೋಗುತ್ತದೆ, ನಾನೂ ಹಾಗೆ ಮಾಡಿದ್ದುಂಟು. ಮೂರು ತಿಂಗಳಾದರೂ ಕಲೆ ಹಾಗೇ ಇತ್ತು. ಸಿಟಿ ಸ್ಕ್ಯಾನ್ ಮಾಡಿಸಿದರೆ ಬಲಗಡೆ ಮೇಲಿನ ನಾಳದ ಬಾಯಲ್ಲೇ ಗಡ್ಡೆ.

ಒಪ್ಪಿಗೆ ಪತ್ರ ಮಲಯಾಳದಲ್ಲಿತ್ತು. ಅವರು ಓದುವುದು ಕನ್ನಡ ಮಾತ್ರ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಈ ಊರಿನಲ್ಲಿ ಅದೇನೂ ಹೊಸತಲ್ಲ.

ಟ್ಯೂಬ್ ಇಳಿಸಿದಾಗ ಗಡ್ಡೆ ಎದುರಿಗೇ ಕಂಡಿತು. ಮೇಲೆ ಬೆಳ್ಳಗಿನ ಪದರ, ಮುಟ್ಟಿದರೆ ರಕ್ತ. ಇನ್ನೇನು, ಕೆಲಸ ಮುಗಿಯಿತು ಅಂದುಕೊಂಡೆ. ಬ್ರಷ್ ಉಜ್ಜಿ, ಅಂಟಿದ್ದನ್ನು ಗಾಜಿನ ಸ್ಲೈಡಿಗೆ ಸವರಿದೆ. ಟ್ಯೂಬಿನೊಳಗಿಂದ ಹೋಗುವ ಪುಟ್ಟ ಇಕ್ಕಳ, ಅಂದರೆ ಫೋರ್ಸೆಪ್ಸ್‌ನಿಂದ ಮೂರು ತುಂಡು ಕಿತ್ತೆ. ಸಲೈನ್ (ಉಪ್ಪುನೀರು) ಬಿಟ್ಟು ತೊಳೆದ ನೀರನ್ನು ಎಳೆದುಕೊಂಡೆ. ಅಷ್ಟರಲ್ಲಿ ರಕ್ತ ಜಾಸ್ತಿಯಾಯಿತು. ತಣ್ಣಗಿನ ಸಲೈನ್ ಹಾಕಿ ನಿಲ್ಲಿಸುವ ಗಡಿಬಿಡಿಯಲ್ಲಿ ಸ್ಲೈಡು ಟ್ರೇಯಲ್ಲೇ ಉಳಿಯಿತು. ಮೇಲೆ ಫ್ಯಾನ್ ತಿರುಗುತ್ತಿತ್ತು.

ವರದಿ ಬಂತು. ಸ್ಲೈಡಿನ ಜೀವಕೋಶಗಳು ಒಣಗಿ ಹಾಳಾಗಿವೆ. ತುಂಡುಗಳಲ್ಲಿ ಬರೀ ಸತ್ತ ಅಂಗಾಂಶ. ತೊಳೆದ ನೀರಿನಲ್ಲಿ ಕ್ಯಾನ್ಸರ್ ಕೋಶ ಇಲ್ಲ. ನಾನು ಕಣ್ಣಾರೆ ಕಂಡ ಗಡ್ಡೆ ಕಾಗದದಲ್ಲಿ ಇಲ್ಲವೇ ಇಲ್ಲ!

"ಡಾಕ್ಟ್ರೇ, ಇನ್ನೊಮ್ಮೆ ಪೈಪ್ ಹಾಕ್ಲಿಕ್ಕುಂಟಾ?" ಅಂದರು ಕೃಷಿಕರು. ತುಂಡು ತೆಗೆದರೆ ಅದು ಹರಡುತ್ತದಂತಲ್ಲ ಎಂದು ಮಗನ ಭಯ. ಹಾಗಿಲ್ಲ, ಸ್ಯಾಂಪಲ್ ಹಾಳಾದದ್ದು ನನ್ನಿಂದ ಎಂದೆ. ಮಗ ಮಾತಾಡಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಎಲ್ಲ ಸರಿ ಮಾಡಿದರೂ ತಪ್ಪಿಹೋಗುವುದುಂಟು. ಹೀಗೆ ಎದುರಿಗೆ ಕಾಣುವ ಕ್ಯಾನ್ಸರ್ 100 ಇದ್ದರೆ, ಫೋರ್ಸೆಪ್ಸ್ ತುಂಡಿನಲ್ಲಿ ಸುಮಾರು 74 ಸಿಗುತ್ತವೆ. ಬ್ರಷ್‌ನಲ್ಲಿ 61, ತೊಳೆದ ನೀರಿನಲ್ಲಿ 47. ಮೂರೂ ಸೇರಿದರೆ 88. ಅದಕ್ಕೇ ಮೂರೂ ಬೇಕು, ಮೂರೂ ಕೆಡದೆ ಲ್ಯಾಬಿಗೆ ಮುಟ್ಟಬೇಕು.

ಎರಡನೇ ಸಲ ಮೊದಲು ಫ್ಯಾನ್ ಆಫ್ ಮಾಡಿಸಿದೆ. ಸಿಸ್ಟರ್ ಕೈಯಲ್ಲಿ 95 ಶೇಕಡಾ ಆಲ್ಕೋಹಾಲಿನ ಜಾಡಿ, ಮುಚ್ಚಳ ತೆರೆದೇ ಇತ್ತು. ಸವರಿದ ಕ್ಷಣವೇ ಸ್ಲೈಡು ಅದರೊಳಗೆ. ಸ್ಲೈಡಿನ ಮೇಲೆ ಹೆಸರು ಪೆನ್ಸಿಲಿನಲ್ಲಿ, ಏಕೆಂದರೆ ಮಾರ್ಕರ್ ಶಾಯಿ ಆಲ್ಕೋಹಾಲಿನಲ್ಲಿ ತೊಳೆದುಹೋಗುತ್ತದೆ. ಗಡ್ಡೆಯ ಮೇಲಿನ ಬೆಳ್ಳಗಿನ ಪದರವನ್ನು ಮೊದಲು ಸಕ್ಷನ್‌ನಿಂದ ಎಳೆದು ತೆಗೆದೆ. ಸತ್ತ ಅಂಗಾಂಶ ಇರುವುದು ಅಲ್ಲೇ. ಫೋರ್ಸೆಪ್ಸ್ ಅದರ ಅಡಿಗೆ ಊರಿ, ಒಂದೇ ಜಾಗದಲ್ಲಿ ಮತ್ತೆ ಮತ್ತೆ, ಒಟ್ಟು ಆರು ತುಂಡು. ಕಮ್ಮಿಯೆಂದರೆ ಐದು ಬೇಕು. ತುಂಡುಗಳನ್ನು ಚಿಮಟದಿಂದ ಹಿಂಡಲಿಲ್ಲ. ಹಿಂಡಿದರೆ ಕೋಶಗಳು ಜಜ್ಜಿಹೋಗುತ್ತವೆ. ಸೂಜಿಯ ತುದಿಯಿಂದ ಮೆಲ್ಲ ಬಿಡಿಸಿ, ಅಂಗಾಂಶ ಕೆಡದಂತೆ ಇಡುವ ದ್ರವವಾದ ಫಾರ್ಮಲಿನ್‌ಗೆ ಹಾಕಿದೆ. ತೊಳೆದ ನೀರಿನಲ್ಲಿ ಒಂದು ಪಾಲು ಟಿಬಿ ಪರೀಕ್ಷೆಗೆ ತೆಗೆದಿಟ್ಟೆ. ಅದಕ್ಕೆ ಫಾರ್ಮಲಿನ್ ಸೋಕಬಾರದು.

ಅದು ಮಂಗಳವಾರ. ಶನಿವಾರ ಈ ಕೆಲಸ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದೇನೆ. ತುಂಡು ಫಾರ್ಮಲಿನ್‌ನಲ್ಲಿ 6 ಗಂಟೆಯಾದರೂ ಇರಬೇಕು, 72 ಗಂಟೆ ದಾಟಬಾರದು. ದಾಟಿದರೆ ಮುಂದಿನ ವಿಶೇಷ ಪರೀಕ್ಷೆಗಳು ಕೆಡುತ್ತವೆ. ನಮ್ಮ ತುಂಡುಗಳು ತಲಪಾಡಿ ಗಡಿ ದಾಟಿ ಮಂಗಳೂರಿನ ಲ್ಯಾಬಿಗೆ ಹೋಗುತ್ತವೆ. ನಡುವೆ ಭಾನುವಾರ, ಮೇಲೊಂದು ಹರತಾಳ ಬಂದರೆ ಮುಗಿಯಿತು.

ಈ ಸಲ ವರದಿ ಸ್ಪಷ್ಟ: ಸ್ಕ್ವಾಮಸ್ ಜಾತಿಯ ಕ್ಯಾನ್ಸರ್, ಆ ಜಾತಿಯ ಗುರುತಾದ ಪಿ40 ಪ್ರೋಟೀನು ಪಾಸಿಟಿವ್. ಟಿಬಿ ಇಲ್ಲ. ಹೇಗೆ ಹೇಳುವುದು ಎಂದು ಯೋಚಿಸುತ್ತಾ ಕೂತಿದ್ದೆ. ಅವರೇ ಕೇಳಿದರು, "ಹಾಗಾದ್ರೆ ಆ ಟಿಬಿ ಮಾತ್ರೆ ಇನ್ನು ನುಂಗ್ಬೇಕೂಂತ ಇಲ್ಲ ಅಲ್ವಾ?"

ಬೇಡ ಎಂದೆ.