ಬಾಡಿಗೆ ಕ್ರಾಸ್‌ಓವರ್‌ನಲ್ಲಿ ದೂರ ಹೋಗಿ ಬಂದು, ಗಾಡಿ ಹೇಗಿದೆ ಅಂತ ಸರಿಯಾಗಿ ಹೇಳುವುದು ಹೇಗೆ?

ಕಾಂಪ್ಯಾಕ್ಟ್ ಕ್ರಾಸ್‌ಓವರ್, ಅಂದರೆ ಕಾರಿನ ಹಾಗೇ ಕಟ್ಟಿದ ಸ್ವಲ್ಪ ಎತ್ತರದ ಸಣ್ಣ ಗಾಡಿ, ಕೊಳ್ಳುವ ಯೋಚನೆ ಇದ್ದರೆ ಶೋರೂಮಿನ ಹತ್ತು ನಿಮಿಷದ ಟೆಸ್ಟ್ ಡ್ರೈವ್ ನಂಬಬೇಡಿ. ಅದೇ ಮಾಡೆಲ್ ಬಾಡಿಗೆಗೆ ಸಿಗುತ್ತದಾ ನೋಡಿ, ಎರಡು ದಿನಕ್ಕೆ ತೆಗೆದುಕೊಂಡು ಹೆದ್ದಾರಿಯಲ್ಲಿ 500 ಕಿಲೋಮೀಟರ್ ಓಡಿಸಿ. ಆದರೆ ಹಾಗೆ ಹೋಗಿ ಬಂದವರ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ‘ಗಾಡಿ ತುಂಬಾ ಸದ್ದು’, ‘ಸೊಂಟ ಹೋಯ್ತು’, ‘ಮೈಲೇಜ್ ಇಲ್ಲ’ ಅನ್ನುತ್ತಾರೆ. ಸೀಟು ಹೊಂದಿಸಿಕೊಂಡಿದ್ರಾ, ಟೈರಿನ ಗಾಳಿ ನೋಡಿದ್ರಾ ಅಂತ ಕೇಳಿದರೆ ಇಲ್ಲ. ಹಿಂದೆ ಯಾರೋ ಬಿಟ್ಟುಹೋದ ಸೀಟಿನಲ್ಲಿ ಹಾಗೇ ಕೂತು, ಗಾಳಿ ಮಿತಿಮೀರಿ ತುಂಬಿದ ಟೈರಿನ ಮೇಲೆ ದಿನವಿಡೀ ಓಡಿಸಿ, ತಪ್ಪೆಲ್ಲ ಗಾಡಿಯ ಮೇಲೆ ಹಾಕುತ್ತಾರೆ.

ಅದಕ್ಕೇ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಂದು ಪುಟದ ಮೇಲೆ ‘ಈ ಗಾಡಿ’ ಅಂತ ಬರೆಯಿರಿ, ಎದುರು ಪುಟದ ಮೇಲೆ ‘ಈ ಮಾಡೆಲ್’ ಅಂತ ಬರೆಯಿರಿ. ಬಾಡಿಗೆಗೆ ಓಡಿ ಸವೆದ ಈ ಒಂದು ಗಾಡಿಯ ದೋಷ ಮೊದಲ ಪುಟಕ್ಕೆ. ಹೊಸದು ಕೊಂಡರೂ ನಿಮ್ಮ ಜೊತೆಗೇ ಬರುವ ಗುಣ ಮತ್ತು ದೋಷ ಎರಡನೇ ಪುಟಕ್ಕೆ. ಎರಡನ್ನೂ ಬೆರೆಸಬೇಡಿ.

ಗಾಡಿ ಕೈಗೆ ಬಂದ ಕೂಡಲೇ ಸುತ್ತ ಒಂದು ವಿಡಿಯೊ ಮಾಡಿ. ಗೀಚು, ಗಾಜು, ಇಂಧನದ ಮುಳ್ಳು, ಓಡಿದ ಕಿಲೋಮೀಟರ್ ಎಲ್ಲ ಅದರಲ್ಲಿ ಬರಲಿ. ಸ್ಟೆಪ್ನಿ ಇದೆಯಾ ಅಥವಾ ಬರೀ ಪಂಕ್ಚರ್ ಕಿಟ್ ಇದೆಯಾ ಅಂತ ಡಿಕ್ಕಿ ತೆಗೆದು ನೋಡಿ. ಇಷ್ಟು ಸಾಕು.

ಆಮೇಲೆ ಟೈರು. ಎಷ್ಟು ಗಾಳಿ ಇರಬೇಕು ಅನ್ನುವುದು ಸಾಮಾನ್ಯವಾಗಿ ಚಾಲಕನ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರಿನಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಟೈರು ತಡೆಯುವ ಗರಿಷ್ಠ ಒತ್ತಡ, ಅದನ್ನು ನೋಡಿ ತುಂಬಿಸಬಾರದು. ಗಾಳಿ ನೋಡುವುದು ಟೈರು ತಣ್ಣಗಿರುವಾಗ, ಅಂದರೆ ಗಾಡಿ ಮೂರು ಗಂಟೆ ನಿಂತ ಮೇಲೆ. ಓಡಿ ಬಿಸಿಯಾದ ಟೈರಿನಲ್ಲಿ 4 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಜಾಸ್ತಿ ತೋರಿಸುವುದು ಸಹಜ, ಅದನ್ನು ನೋಡಿ ಗಾಳಿ ಇಳಿಸಬೇಡಿ. ನಾನು ಒಮ್ಮೆ ಬಾಡಿಗೆಗೆ ತೆಗೆದುಕೊಂಡ ಗಾಡಿಯಲ್ಲಿ 33 ಇರಬೇಕಾದ ಕಡೆ 41 ಇತ್ತು. ಅರ್ಧ ದಾರಿಯವರೆಗೂ ಸಸ್ಪೆನ್ಶನ್ ಕೆಟ್ಟದು ಅಂದುಕೊಂಡಿದ್ದೆ. ರಾತ್ರಿ ತಂಗಿದ್ದು, ಬೆಳಿಗ್ಗೆ ಗಾಳಿ ಸರಿ ಮಾಡಿಸಿದ ಮೇಲೆ ಅದು ಬೇರೆಯದೇ ಗಾಡಿಯ ಹಾಗೆ ಓಡಿತು. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕು ಟೈರು ನಾಲ್ಕು ಕಂಪನಿಯದಿದ್ದರೆ ‘ಈ ಗಾಡಿ’ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ, ಮುಂದೆ ಸದ್ದಿನ ವಿಷಯ ಬಂದಾಗ ಬೇಕಾಗುತ್ತದೆ.

ಈಗ ಸೀಟು. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ, ಆದ್ದರಿಂದ ಅವಸರ ಬೇಡ, ಹದಿನೈದು ನಿಮಿಷ ಕೊಡಿ.

ಹಿಂದಿನ ಜೇಬಿನ ಪರ್ಸು ತೆಗೆದಿಡಿ. ಹಿಂಭಾಗ ಸೀಟಿನ ಮೂಲೆಗೆ ಪೂರ್ತಿ ತಾಗುವಂತೆ ಕೂರಿ. ಮೊದಲು ಎತ್ತರ ಹೊಂದಿಸಿ. ಕ್ರಾಸ್‌ಓವರ್ ಅಂದ ಕೂಡಲೇ ಎಲ್ಲರೂ ಸೀಟನ್ನು ಮೇಲಕ್ಕೆ ಏರಿಸಿಬಿಡುತ್ತಾರೆ, ರಸ್ತೆ ಚೆನ್ನಾಗಿ ಕಾಣುತ್ತದೆ ಅಂತ. ಹಾಗೆ ಏರಿಸಿದರೆ ಎಷ್ಟೋ ಗಾಡಿಗಳಲ್ಲಿ ಸೀಟಿನ ಮುಂದಿನ ಅಂಚು ತೊಡೆಯ ಅಡಿಗೆ ಒತ್ತುತ್ತದೆ, ಎರಡು ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತದೆ. ತಲೆಗೂ ಛಾವಣಿಗೂ ಮಧ್ಯೆ ಒಂದು ಮುಷ್ಟಿ ಜಾಗವಾದರೂ ಇರಲಿ, ಬಾನೆಟ್ಟಿನ ಆಚೆಯ ರಸ್ತೆ ಕಾಣಲಿ, ಅಷ್ಟಕ್ಕೆ ನಿಲ್ಲಿಸಿ.

ಎರಡನೆಯದು ದೂರ. ಬ್ರೇಕನ್ನು ಕೊನೆಯವರೆಗೆ ಒತ್ತಿ ಹಿಡಿಯಿರಿ, ಕ್ಲಚ್ ಇರುವ ಗಾಡಿಯಾದರೆ ಕ್ಲಚ್ಚನ್ನೂ. ಆಗಲೂ ಮಂಡಿ ಸ್ವಲ್ಪ ಬಾಗಿಯೇ ಇರಬೇಕು. ಮಂಡಿಯ ಹಿಂದೆ, ಸೀಟಿನ ಅಂಚಿಗೂ ಕಾಲಿಗೂ ನಡುವೆ ಎರಡು ಮೂರು ಬೆರಳು ಹಿಡಿಯಬೇಕು.

ಆಮೇಲೆ ಬೆನ್ನು. ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಯ ಮೇಲೆ ಕೂರಬೇಕು, ಭುಜ ಸೀಟು ಬಿಟ್ಟು ಏಳಬಾರದು. ಏಳುತ್ತದೆ ಅಂದರೆ ಬೆನ್ನಿನ ಭಾಗ ಜಾಸ್ತಿ ಹಿಂದಕ್ಕೆ ವಾಲಿದೆ ಅಂತ ಅರ್ಥ. ಕೂರುವ ಭಾಗಕ್ಕೂ ಬೆನ್ನಿನ ಭಾಗಕ್ಕೂ ನಡುವೆ 100ರಿಂದ 110 ಡಿಗ್ರಿ ಕೋನ ಸಾಕು. ಎದೆಗೂ ಸ್ಟೀರಿಂಗಿನ ನಡುವಿಗೂ ಕಡಿಮೆ ಅಂದರೆ 25 ಸೆಂಟಿಮೀಟರ್ ದೂರ ಇರಲೇಬೇಕು, ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಜಾಗ ಬೇಕಲ್ವಾ. ಸೊಂಟದ ಆಸರೆ ಹೊಂದಿಸುವ ಸೌಕರ್ಯ ಇದ್ದರೆ ಸೊನ್ನೆಯಿಂದ ಶುರು ಮಾಡಿ, ಪ್ಯಾಂಟಿನ ಬೆಲ್ಟು ಕಟ್ಟುವ ಮಟ್ಟದಲ್ಲಿ ಮೆಲ್ಲಗೆ ತಾಗಿದ ಕೂಡಲೇ ನಿಲ್ಲಿಸಿ. ಶುರುವಿನಲ್ಲೇ ಹಾಯ್ ಅನಿಸುವಷ್ಟು ಒತ್ತಿದರೆ ಮೂರನೇ ಗಂಟೆಗೆ ಅದೇ ನೋವಾಗುತ್ತದೆ. ಹೆಡ್‌ರೆಸ್ಟ್‌ನ ಮೇಲ್ತುದಿ ನಿಮ್ಮ ನೆತ್ತಿಯ ಸಮಕ್ಕೆ ಬರಲಿ, ಕತ್ತಿಗಲ್ಲ.

40 ನಿಮಿಷ ಓಡಿಸಿ, ನಿಲ್ಲಿಸಲು ಸುರಕ್ಷಿತ ಜಾಗ ನೋಡಿ ಇದನ್ನೆಲ್ಲ ಇನ್ನೊಮ್ಮೆ ಮಾಡಿ. ಮೈ ಸೀಟಿಗೆ ಹೊಂದಿಕೊಂಡ ಮೇಲೆ ಅಳತೆ ಸ್ವಲ್ಪ ಬದಲಾಗುತ್ತದೆ. ಈ ಎರಡನೇ ಸಲ ಹೊಂದಿಸುವುದನ್ನು ಯಾರೂ ಮಾಡುವುದಿಲ್ಲ, ನಿಜವಾದ ಉತ್ತರ ಸಿಗುವುದು ಇದಾದ ಮೇಲೆಯೇ. ಇಷ್ಟು ಮಾಡಿಯೂ ತೊಡೆ ನೋಯುತ್ತಿದ್ದರೆ, ಹೆಡ್‌ರೆಸ್ಟ್ ತಲೆಯನ್ನು ಮುಂದಕ್ಕೆ ತಳ್ಳುತ್ತಿದ್ದರೆ, ಸೆಂಟರ್ ಕನ್ಸೋಲ್ (ಮುಂದಿನ ಎರಡು ಸೀಟಿನ ನಡುವಿನ ಭಾಗ) ಮಂಡಿಗೆ ಒತ್ತುತ್ತಿದ್ದರೆ ಅದು ‘ಈ ಮಾಡೆಲ್’ ಪುಟಕ್ಕೆ. ಅದೇ ಸೀಟು ಒಂದೇ ಕಡೆಗೆ ಕುಸಿದಿದ್ದರೆ ‘ಈ ಗಾಡಿ’.

ಮಣಿ ಸೀಟು, ಸೊಂಟದ ದಿಂಬು ಇವನ್ನು ಹಾಕಬೇಡಿ. ನೀವು ಪರೀಕ್ಷೆ ಮಾಡುತ್ತಿರುವುದು ಗಾಡಿಯ ಸೀಟನ್ನು, ದಿಂಬನ್ನಲ್ಲ. ಇಡೀ ಸೀಟನ್ನು ಮುಚ್ಚುವ ಅಗ್ಗದ ಕವರುಗಳಂತೂ ಬೇಡವೇ ಬೇಡ. ಸೀಟಿನ ಪಕ್ಕದಲ್ಲಿರುವ ಏರ್‌ಬ್ಯಾಗಿಗೆ ಅವು ಅಡ್ಡ ಬರಬಹುದು.

ಕನ್ನಡಿಗೆ ಒಂದೇ ಮಾತು. ಪಕ್ಕದ ಕನ್ನಡಿಯಲ್ಲಿ ನಿಮ್ಮ ಗಾಡಿಯ ಮೈಯೇ ಅರ್ಧ ತುಂಬಿಕೊಂಡಿದ್ದರೆ ಕನ್ನಡಿ ಹೊರಕ್ಕೆ ತಿರುಗಬೇಕು. ತಲೆಯನ್ನು ಕಿಟಕಿಯ ಕಡೆ ವಾಲಿಸಿದಾಗ ಮಾತ್ರ ಗಾಡಿಯ ಅಂಚು ಕಾಣಲಿ, ನೇರ ಕೂತಾಗ ಪಕ್ಕದ ಲೇನು ಕಾಣಲಿ.

ಇನ್ನು ಹೆದ್ದಾರಿ. ಎತ್ತರ ಇದೆ ಅಂತ ಇದನ್ನು ಜೀಪು ಅಂದುಕೊಳ್ಳಬೇಡಿ. 1994ರಲ್ಲಿ ಬಂದ ಟೊಯೋಟಾ ರಾವ್4 ಕಾಲದಿಂದಲೂ ಕ್ರಾಸ್‌ಓವರ್ ಅಂದರೆ ಕೆಳಗೆ ಬೇರೆ ಚಾಸಿ (ಚೌಕಟ್ಟು) ಇಲ್ಲದೆ, ಕಾರಿನ ಹಾಗೇ ಒಂದೇ ಮೈಯಾಗಿ ಕಟ್ಟಿದ ಗಾಡಿ. ಆದ್ದರಿಂದ ಕಾರಿನ ಸುಖವನ್ನೇ ನಿರೀಕ್ಷಿಸಿ. ತಿರುವಿನಲ್ಲಿ ಸ್ವಲ್ಪ ವಾಲುವುದು, ಲಾರಿ ಪಕ್ಕ ದಾಟುವಾಗ ಗಾಳಿಗೆ ಸರಿಯುವುದು ಎತ್ತರದ ಗಾಡಿಯ ಗುಣ, ಎಷ್ಟು ಅಂತ ಬರೆದುಕೊಳ್ಳಿ.

ಸದ್ದು ಅಳೆಯಲು ಹಾಡು ನಿಲ್ಲಿಸಿ, ಎಸಿ ಫ್ಯಾನ್ ತಗ್ಗಿಸಿ. ವೇಗದ ಮಿತಿ ಬಿಡುವ ಕಡೆ 80ರಲ್ಲಿ ಸ್ವಲ್ಪ ಹೊತ್ತು, 100ರಲ್ಲಿ ಸ್ವಲ್ಪ ಹೊತ್ತು ಹೋಗಿ. ಕನ್ನಡಿ ಮತ್ತು ಮುಂದಿನ ಗಾಜಿನ ಕಂಬದ ಹತ್ತಿರ ಸುಯ್ ಅಂದರೆ ಅದು ಗಾಳಿಯ ಸದ್ದು, ಮಾಡೆಲ್ ಪುಟಕ್ಕೆ. ಆದರೆ ಬಾಗಿಲಿನ ರಬ್ಬರ್ ಹರಿದಿಲ್ಲ ತಾನೇ ಅಂತ ನೋಡಿ ಬರೆಯಿರಿ. ಕಾಲಿನ ಕೆಳಗಿನಿಂದ ಬರುವ ಗುಂಯ್ ಸದ್ದು, ರಸ್ತೆ ಕಾಂಕ್ರೀಟಿನಿಂದ ನುಣುಪಾದ ಡಾಂಬರಿಗೆ ಬದಲಾದ ಕೂಡಲೇ ಇಳಿದರೆ ಅದು ಬಹುಮಟ್ಟಿಗೆ ಟೈರಿನದ್ದು. ಆಗ ಮೊದಲು ಬರೆದ ಟೈರಿನ ವಿವರ ನೋಡಿ ತೀರ್ಮಾನಿಸಿ. 90-100ರ ಆಸುಪಾಸಿನಲ್ಲಿ ಮಾತ್ರ ಸ್ಟೀರಿಂಗ್ ನಡುಗಿದರೆ ಹೆಚ್ಚಾಗಿ ವೀಲ್ ಬ್ಯಾಲೆನ್ಸಿಂಗ್ ತಪ್ಪಿರುತ್ತದೆ. ಒಂದು ಕಡೆ ಎಳೆದರೆ ಅಲೈನ್‌ಮೆಂಟ್ (ಚಕ್ರಗಳ ಕೋನ) ಅಥವಾ ಟೈರಿನ ಗಾಳಿ. ಎರಡೂ ಈ ಗಾಡಿಯ ಕಥೆ. ಒಂದು ಮಾತು ಖಂಡಿತವಾಗಿ ಹೇಳುತ್ತೇನೆ: ಒಂದೇ ಮಾಡೆಲಿನಲ್ಲಿ ದೊಡ್ಡ ಚಕ್ರ, ಸಣ್ಣ ಚಕ್ರ ಎರಡೂ ಇದ್ದರೆ ಸಣ್ಣದನ್ನೇ ಆರಿಸಿ. ಸಣ್ಣ ಚಕ್ರಕ್ಕೆ ಬರುವ ಟೈರಿನ ಎತ್ತರದ ಪಕ್ಕದ ಗೋಡೆ ಕೊಡುವ ಸುಖವನ್ನು ಚಂದದ ದೊಡ್ಡ ಅಲಾಯ್ ಚಕ್ರ ಕೊಡುವುದಿಲ್ಲ.

ಓವರ್‌ಟೇಕ್ ಶಕ್ತಿ ನೋಡಲು ಜನ ಮತ್ತು ಲಗೇಜ್ ತುಂಬಿಕೊಂಡೇ, ಮುಂದೆ ದಾರಿ ಪೂರ್ತಿ ಖಾಲಿ ಇರುವಾಗ 60ರಿಂದ 100ಕ್ಕೆ ಏರಿಸಿ. ಸಿವಿಟಿ ಗೇರ್‌ಬಾಕ್ಸ್ (ಹಂತಹಂತದ ಗೇರಿಲ್ಲದ ಆಟೊಮ್ಯಾಟಿಕ್) ಇದ್ದರೆ ಎಂಜಿನ್ ಮೊದಲು ಕೂಗುತ್ತದೆ, ವೇಗ ಆಮೇಲೆ ಬರುತ್ತದೆ. ಅದು ರಿಪೇರಿಯ ವಿಷಯ ಅಲ್ಲ, ಅದರ ಸ್ವಭಾವವೇ ಹಾಗೆ. ನಿಮಗೆ ಒಗ್ಗುತ್ತದಾ ಅನ್ನುವುದೇ ಪ್ರಶ್ನೆ.

ಮೈಲೇಜಿಗೆ ಡ್ಯಾಶ್‌ಬೋರ್ಡಿನ ಅಂಕಿ ಸುಲಭದ ದಾರಿ, ಆದರೆ ಎಷ್ಟೋ ಸಲ ಅದು ಜಾಸ್ತಿ ತೋರಿಸುತ್ತದೆ. ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಓಡಿಸಿ, ಮತ್ತೆ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. ವೇಗವನ್ನೂ ಜೊತೆಗೆ ಬರೆಯಿರಿ. ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, 100ರ ಬದಲು 120ರಲ್ಲಿ ಹೋದರೆ 44 ಶೇಕಡಾ ಜಾಸ್ತಿ. ಎತ್ತರದ, ಅಗಲ ಮೂತಿಯ ಗಾಡಿಗೆ ಇದು ಇನ್ನೂ ಜೋರಾಗಿ ತಟ್ಟುತ್ತದೆ. 120ರಲ್ಲಿ ಓಡಿಸಿ ಬಂದು ಮೈಲೇಜ್ ಇಲ್ಲ ಅಂದರೆ ಅದು ಗಾಡಿಗೆ ಮಾಡುವ ಅನ್ಯಾಯ.

ವಾಪಸ್ಸು ಬರುವಾಗ ಒಂದು ಗಂಟೆ ಬೇರೆಯವರಿಗೆ ಓಡಿಸಲು ಕೊಟ್ಟು ನೀವು ಹಿಂದಿನ ಸೀಟಿನಲ್ಲಿ ಕೂರಿ. ಓಡಿಸುವವರ ಹೆಸರು ಬಾಡಿಗೆಯ ಕಾಗದದಲ್ಲಿ ನಮೂದಾಗಿರಬೇಕು, ಇಲ್ಲದಿದ್ದರೆ ವಿಮೆಯ ತೊಂದರೆ ಬರುತ್ತದೆ. ಮನೆಯವರು ಕೂರುವುದು ಹಿಂದೆಯೇ ಅಲ್ವಾ, ಅವರ ಪರವಾಗಿ ಅರ್ಧ ಪುಟವಾದರೂ ಬರೆಯಿರಿ.

ಗಾಡಿ ಒಪ್ಪಿಸುವ ಮೊದಲು ಡ್ಯಾಶ್‌ಬೋರ್ಡಿನ ಪರದೆಯಿಂದ ನಿಮ್ಮ ಫೋನು, ಕಾಂಟ್ಯಾಕ್ಟ್, ಮನೆ ವಿಳಾಸ ಅಳಿಸಿ, ಇನ್ನೊಂದು ವಿಡಿಯೊ ಮಾಡಿ. ಮರುದಿನ ಬೆಳಿಗ್ಗೆ ಎದ್ದಾಗ ಕತ್ತು, ಸೊಂಟ, ಮಂಡಿ ಹೇಗಿವೆ ಅಂತ ಕೊನೆಯ ಸಾಲು ಬರೆದು, ‘ಈ ಗಾಡಿ’ ಪುಟವನ್ನು ಹರಿದು ಹಾಕಿ. ಶೋರೂಮಿಗೆ ಉಳಿದ ಪುಟವನ್ನಷ್ಟೇ ತೆಗೆದುಕೊಂಡು ಹೋಗಿ.