ಮ್ಯಾಕ್‌ಬೆತ್ ಪಾಠ: ಕೊಲೆಯವರೆಗೆ ನಿಧಾನ, ಆಮೇಲೆ ಬಿರುಸು

ಹೈಸ್ಕೂಲಿನ ಇಂಗ್ಲಿಷ್ ತರಗತಿಯಲ್ಲಿ ದುರಂತ ನಾಟಕ ಸೊರಗುವುದಕ್ಕೆ ಹಳೆಯ ಭಾಷೆಯೊಂದೇ ಕಾರಣವಲ್ಲ. ಐದು ಅಂಕಗಳಿಗೂ ಸಮಸಮನಾಗಿ ಪಿರಿಯಡ್ ಹಂಚುತ್ತಾರೆ, ಮೊದಲ ದಿನವೇ ‘ಅತಿಯಾಸೆಯೇ ನಾಯಕನ ದೋಷ’ ಎಂದು ಬೋರ್ಡಿನ ಮೇಲೆ ಬರೆದುಬಿಡುತ್ತಾರೆ. ಉತ್ತರ ಕೈಗೆ ಬಂದ ಮೇಲೆ ಓದುವವರು ಯಾರು? ವಿದ್ಯಾರ್ಥಿಗಳು ಆ ಒಂದು ವಾಕ್ಯವನ್ನು ಪರೀಕ್ಷೆಯವರೆಗೆ ಜೋಪಾನ ಮಾಡಿಕೊಂಡು ಕೂರುತ್ತಾರೆ, ಅಷ್ಟೇ.

ಶೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲಿ ಅತಿ ಚಿಕ್ಕದು ಮ್ಯಾಕ್‌ಬೆತ್. ಬರೆದದ್ದು ಸುಮಾರು 1606ರಲ್ಲಿ, ಮುದ್ರಣ ಕಂಡದ್ದು 1623ರ ಫಸ್ಟ್ ಫೋಲಿಯೊದಲ್ಲಿ, ಅಂದರೆ ಅವನ ನಾಟಕಗಳ ಮೊದಲ ಸಂಕಲನದಲ್ಲಿ. ಸಾಮಾನ್ಯ ಮುದ್ರಣಗಳಲ್ಲಿ ದೃಶ್ಯಗಳು 28. ಮ್ಯಾಕ್‌ಬೆತ್ ಮಾಡುವ ರಾಜ ಡಂಕನ್‌ನ ಕೊಲೆ ಒಂಬತ್ತನೆಯ ದೃಶ್ಯದ ಹೊತ್ತಿಗೆ ಮುಗಿದೇ ಹೋಗಿರುತ್ತದೆ. ಒಬ್ಬ ಮನುಷ್ಯ ತನಗೆ ತಪ್ಪೆಂದು ಗೊತ್ತಿರುವುದನ್ನೇ ಮಾಡಲು ಹೇಗೆ ಒಪ್ಪಿಕೊಳ್ಳುತ್ತಾನೆ ಎಂಬುದು ಈ ಒಂಬತ್ತು ದೃಶ್ಯಗಳಲ್ಲೇ ಇದೆ. ಹಾಗಾಗಿ ಸಮಯವನ್ನೂ ಇಲ್ಲೇ ಸುರಿಯಬೇಕು. 45 ನಿಮಿಷದ 20 ಪಿರಿಯಡ್ ಇವೆ ಎಂದುಕೊಳ್ಳಿ. ಮೊದಲ ಒಂಬತ್ತು ದೃಶ್ಯಗಳಿಗೆ 9, ಎರಡನೇ ಅಂಕದ ಉಳಿದ ಭಾಗ ಮತ್ತು ಮೂರನೇ ಅಂಕಕ್ಕೆ 5, ನಾಲ್ಕು ಮತ್ತು ಐದನೇ ಅಂಕಗಳಿಗೆ ತಲಾ 2, ಬರವಣಿಗೆಗೆ 2.

ಶುರು ಮಾಡುವ ಮುನ್ನ

ಎಲ್ಲರ ಕೈಯಲ್ಲೂ ಒಂದೇ ಪ್ರಕಾಶನದ ಪುಸ್ತಕವಿರಲಿ. ಗದ್ಯ ಬರುವ ದೃಶ್ಯಗಳಲ್ಲಂತೂ ಸಾಲಿನ ಸಂಖ್ಯೆ ಒಂದೊಂದರಲ್ಲಿ ಒಂದೊಂದು ಥರ. ‘ನಲವತ್ತನೇ ಸಾಲು ನೋಡಿ’ ಎಂದಾಗ ಮೂವರು ಮೂರು ಕಡೆ ನೋಡುತ್ತಿದ್ದರೆ ಐದು ನಿಮಿಷ ಹಾಗೇ ಕರಗುತ್ತದೆ. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಸರಳ ಇಂಗ್ಲಿಷ್ ಇರುವ ಪುಸ್ತಕಗಳನ್ನು ಮನೆಯಲ್ಲಿ ಓದಿಕೊಳ್ಳಲಿ, ತರಗತಿಗೆ ಬೇಡ. ಕಣ್ಣು ಸುಲಭದ ಕಡೆಗೇ ಜಾರುತ್ತದೆ. ಹದಿನೈದು ನಿಮಿಷದಲ್ಲಿ ಮೂಲ ಓದುವವರೇ ಇರುವುದಿಲ್ಲ.

ಪದಪಟ್ಟಿ ಕೊಡುವುದಾದರೆ ಗೊತ್ತಿಲ್ಲದ ಪದಗಳಿಗಿಂತ ಗೊತ್ತಿದೆ ಎನಿಸುವ ಪದಗಳನ್ನು ಕೊಡಿ. ಗೊತ್ತಿಲ್ಲದ್ದನ್ನು ಹುಡುಗರು ತಾವೇ ಅಡಿಟಿಪ್ಪಣಿಯಲ್ಲಿ ಹುಡುಕಿಕೊಳ್ಳುತ್ತಾರೆ. ಆದರೆ ಈ ನಾಟಕದಲ್ಲಿ ‘ಅಡಿಷನ್’ ಎಂದರೆ ಬಿರುದು, ‘ಮಾಡರ್ನ್’ ಎಂದರೆ ಮಾಮೂಲಿ, ‘ಡೌಟ್’ ಎಂದರೆ ಕೆಲವು ಕಡೆ ಅಂಜಿಕೆ. ಇಂಥ ಪದಗಳಲ್ಲಿ ಯಾರೂ ಅನುಮಾನ ಪಡುವುದಿಲ್ಲ, ಅರ್ಥ ಸದ್ದಿಲ್ಲದೆ ತಪ್ಪುತ್ತದೆ.

ಮೊದಲ ಹಂತ: ಹೇಳಿದ್ದೇನು, ಸೇರಿಸಿಕೊಂಡಿದ್ದೇನು

ಕವಿಯ ಜೀವನ, ಗ್ಲೋಬ್ ರಂಗಮಂದಿರ, ಸ್ಕಾಟ್ಲೆಂಡಿನ ಚರಿತ್ರೆ, ಇವುಗಳ ಉಪನ್ಯಾಸದಿಂದ ಶುರು ಮಾಡಬೇಡಿ. ನೇರವಾಗಿ ಮಾಟಗಾತಿಯರಿಂದ ಶುರುವಾಗಲಿ. ಒಂದನೇ ಅಂಕದ ಮೂರನೇ ದೃಶ್ಯಕ್ಕೆ ಬಂದಾಗ ನೋಟ್‌ಬುಕ್‌ನಲ್ಲಿ ಎರಡು ಕಾಲಂ ಎಳೆಸಿ. ಎಡಕ್ಕೆ ಮಾಟಗಾತಿಯರು ಮ್ಯಾಕ್‌ಬೆತ್‌ಗೆ ಹೇಳಿದ್ದು, ಬಲಕ್ಕೆ ಅವನು ತಾನಾಗಿ ಸೇರಿಸಿಕೊಂಡದ್ದು. ಎಡಗಡೆ ಮೂರೇ ಸಂಗತಿ: ಗ್ಲಾಮಿಸ್‌ನ ಥೇನ್ (ಸ್ಕಾಟ್ಲೆಂಡಿನ ಸಾಮಂತ), ಕಾಡರ್‌ನ ಥೇನ್, ಮುಂದೆ ರಾಜ. ಕೊಲೆಯ ಮಾತು ಅವರು ಎತ್ತುವುದೇ ಇಲ್ಲ. ಆ ಪದ ಬರುವುದು ಮ್ಯಾಕ್‌ಬೆತ್‌ನ ಬಾಯಿಂದ, ಅದೂ ತನ್ನೊಳಗೇ ಆಡಿಕೊಳ್ಳುವಾಗ. ಪಕ್ಕದಲ್ಲೇ ನಿಂತು ತನ್ನ ಪಾಲಿನ ಭವಿಷ್ಯ ಕೇಳಿಸಿಕೊಂಡ ಜೊತೆಯ ಸೇನಾನಿ ಬ್ಯಾಂಕೋ ಏನೂ ಮಾಡುವುದಿಲ್ಲ. ಹಿಂದಿನ ದೃಶ್ಯಕ್ಕೆ ಒಮ್ಮೆ ಮರಳಿ ನೋಡಿಸಿ: ಕಾಡರ್‌ನ ಬಿರುದನ್ನು ಮ್ಯಾಕ್‌ಬೆತ್‌ಗೆ ಕೊಡಲು ಡಂಕನ್ ಆಗಲೇ ಆಜ್ಞೆ ಮಾಡಿಯಾಗಿದೆ. ಪ್ರೇಕ್ಷಕರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ‘ಎಲ್ಲ ವಿಧಿಯಾಟ’ ಎಂದು ಬರೆಯುವ ಅಭ್ಯಾಸಕ್ಕೆ ಈ ಎರಡು ಕಾಲಂ ಕಡಿವಾಣ ಹಾಕುತ್ತದೆ.

ಗಟ್ಟಿಯಾಗಿ ಓದಿಸುವಾಗ ಒಂದೇ ನಿಯಮ: ನಿಲ್ಲಬೇಕಾದ್ದು ವಿರಾಮಚಿಹ್ನೆ ಇರುವಲ್ಲಿ, ಸಾಲು ಮುಗಿಯುವಲ್ಲಿ ಅಲ್ಲ. ಪ್ರತಿ ಸಾಲಿನ ಕೊನೆಗೂ ನಿಂತರೆ ಮಾತು ತುಂಡಾಗಿ ಅರ್ಥವೂ ಕೆಡುತ್ತದೆ. ಲಯಕ್ಕೆ ಒಂದೇ ಸಾಲು ಸಾಕು. ‘ಸೋ ಫೌಲ್ ಆಂಡ್ ಫೇರ್ ಎ ಡೇ ಐ ಹ್ಯಾವ್ ನಾಟ್ ಸೀನ್’ ಎಂಬ ಮ್ಯಾಕ್‌ಬೆತ್‌ನ ಮೊದಲ ಮಾತಿನಲ್ಲಿ ಹತ್ತು ಉಚ್ಚಾರಾಂಶಗಳಿವೆ, ಎರಡನೆಯದು, ನಾಲ್ಕನೆಯದು, ಹೀಗೆ ಸಮಸಂಖ್ಯೆಯ ಮೇಲೆ ಒತ್ತು. ಡೆಸ್ಕ್ ತಟ್ಟುತ್ತಾ ಹೇಳಿಸಿ. ಆಮೇಲೆ ಮಾಟಗಾತಿಯರ ‘ಡಬಲ್ ಡಬಲ್ ಟಾಯ್ಲ್ ಆಂಡ್ ಟ್ರಬಲ್’ ತಟ್ಟಿಸಿ. ಅಲ್ಲಿ ಒತ್ತು ಮೊದಲಿಗೇ ಬೀಳುತ್ತದೆ, ಸಾಲೂ ಗಿಡ್ಡ. ಛಂದಸ್ಸಿನ ಪಾಠ ಇಷ್ಟಕ್ಕೆ ಸಾಕು. ಮಾಟಗಾತಿಯರು ಮೊದಲ ದೃಶ್ಯದಲ್ಲಿ ಆಡಿದ ‘ಫೇರ್’, ‘ಫೌಲ್’ ಎಂಬ ಪದಗಳೇ ಅದನ್ನು ಕೇಳಿಸಿಕೊಳ್ಳದ ಮ್ಯಾಕ್‌ಬೆತ್‌ನ ಬಾಯಲ್ಲೂ ಬರುತ್ತವೆ ಎಂಬುದನ್ನು ಮಾತ್ರ ನೀವಾಗಿ ಹೇಳಬೇಡಿ. ಯಾರಾದರೂ ಕಂಡುಹಿಡಿಯುತ್ತಾರೆ.

ನಾಲ್ಕನೇ ದೃಶ್ಯದಲ್ಲಿ ಗಮನಿಸಬೇಕಾದ್ದು ಮಾತಲ್ಲ, ಪ್ರವೇಶ. ಮುಖ ನೋಡಿ ಮನಸ್ಸು ತಿಳಿಯುವ ವಿದ್ಯೆ ಇಲ್ಲ, ದ್ರೋಹ ಬಗೆದ ಆ ಹಳೆಯ ಕಾಡರ್‌ನನ್ನು ಪೂರಾ ನಂಬಿದ್ದೆ ಎಂದು ಡಂಕನ್ ಹೇಳಿ ಮುಗಿಸುತ್ತಾನೋ ಇಲ್ಲವೋ, ಹೊಸ ಕಾಡರ್ ಒಳಗೆ ಕಾಲಿಡುತ್ತಾನೆ. ಕುರ್ಚಿಯಲ್ಲಿ ಕೂತು ಓದಿದರೆ ಇದು ತಪ್ಪಿಹೋಗುತ್ತದೆ. ಒಬ್ಬರನ್ನು ಬಾಗಿಲ ಹೊರಗೆ ನಿಲ್ಲಿಸಿ, ಸರಿಯಾದ ಪದಕ್ಕೆ ಒಳಗೆ ಬರಲು ಹೇಳಿ.

ಎರಡನೇ ಹಂತ: ಒಂದನೇ ಅಂಕ, ಏಳನೇ ದೃಶ್ಯ

ಇದಕ್ಕೆ ಮೂರು ಪಿರಿಯಡ್ ಕೊಟ್ಟರೂ ದಂಡವಲ್ಲ. ಇರುವುದು ಎಂಬತ್ತು ಚಿಲ್ಲರೆ ಸಾಲು, ನಾಟಕದ ತಿರುಗಣಿಯೇ ಇದು.

ಮೊದಲ ಪಿರಿಯಡ್ ಪೂರ್ತಿ ಸ್ವಗತಕ್ಕೆ. ‘ಇಫ್ ಇಟ್ ವರ್ ಡನ್ ವೆನ್ ಟಿಸ್ ಡನ್, ದೆನ್ ಟ್ವರ್ ವೆಲ್ ಇಟ್ ವರ್ ಡನ್ ಕ್ವಿಕ್ಲಿ’. ಇದರಲ್ಲಿ ‘ಡನ್’ ಎಷ್ಟು ಸಲ ಬಂತು ಎಣಿಸಲು ಹೇಳಿ. ಮೂರು. ‘ಅದು’ ಎನ್ನುವುದು, ‘ಟಿಸ್’ ಮತ್ತು ‘ಟ್ವರ್’ಗಳ ಒಳಗೆ ಅಡಗಿದ್ದೂ ಸೇರಿ, ನಾಲ್ಕು. ‘ಅದು’ ಎಂದರೆ ಏನು ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಮನೆಯಲ್ಲಿ ಅತಿಥಿಯಾಗಿ ಬಂದು ಊಟಕ್ಕೆ ಕೂತವನನ್ನು ಕೊಲ್ಲುವ ಯೋಚನೆಯನ್ನು ಈ ಮನುಷ್ಯ ತನಗೆ ತಾನೇ ಹೆಸರಿಟ್ಟು ಹೇಳಿಕೊಳ್ಳಲಾರದೆ ಸುತ್ತುತ್ತಿದ್ದಾನೆ. ಮುಂದಿನ ವಾಕ್ಯದಲ್ಲಿ ‘ಅಸ್ಯಾಸಿನೇಷನ್’ ಎಂಬ ಉದ್ದನೆಯ ಪದ ಬರುತ್ತದೆ, ಆ ಕೂಡಲೇ ಮತ್ತೆ ಪರಿಣಾಮದ ಲೆಕ್ಕಾಚಾರ.

ನಂತರ ಅವನ ಕಾರಣಗಳ ಪಟ್ಟಿ ಮಾಡಿಸಿ. ಕೊಲ್ಲಬಾರದು, ಯಾಕೆಂದರೆ: ಕಲಿಸಿದ ಕೈಗೇ ಪಾಠ ತಿರುಗಿ ಬರುತ್ತದೆ, ಡಂಕನ್ ಬಂಧು, ಅವನು ರಾಜ, ತಾನು ಪ್ರಜೆ, ಅವನು ಅತಿಥಿ, ತಾನು ಬಾಗಿಲು ಕಾಯಬೇಕಾದ ಮನೆಯೊಡೆಯ, ಒಳ್ಳೆಯ ದೊರೆ, ಸತ್ತರೆ ಲೋಕವೇ ಅಳುತ್ತದೆ. ಕೊಲ್ಲಬೇಕು, ಯಾಕೆಂದರೆ: ಆಸೆ, ಅಷ್ಟೇ. ಅದನ್ನು ಅವನೇ ಒಪ್ಪಿಕೊಳ್ಳುತ್ತಾನೆ.

ಎರಡನೇ ಪಿರಿಯಡ್‌ಗೆ ಅವನ ಹೆಂಡತಿ ಲೇಡಿ ಮ್ಯಾಕ್‌ಬೆತ್ ಬರುತ್ತಾಳೆ. ಈ ವಿಷಯದಲ್ಲಿ ಇನ್ನು ಮುಂದುವರಿಯುವುದಿಲ್ಲ ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಐವತ್ತು ಸಾಲು ಕಳೆಯುವುದರೊಳಗೆ ನಿರ್ಧಾರ ತಲೆಕೆಳಗು. ಹಿಂದಿನ ದಿನದ ಪಟ್ಟಿಯನ್ನು ಮುಂದಿಟ್ಟುಕೊಂಡು, ಅವಳು ಯಾವ ಯಾವ ಕಾರಣಕ್ಕೆ ಉತ್ತರ ಕೊಟ್ಟಳೋ ಅದರ ಮುಂದೆ ಟಿಕ್ ಹಾಕಲು ಹೇಳಿ. ಹುಡುಗರು ಹುಡುಕುತ್ತಾರೆ, ಒಂದೂ ಸಿಗುವುದಿಲ್ಲ. ಬಂಧು, ರಾಜ, ಅತಿಥಿ ಎಂಬ ಯಾವುದರ ಗೊಡವೆಗೂ ಅವಳು ಹೋಗಿಲ್ಲ. ನೀನು ಹೇಡಿಯೇ, ಗಂಡಸೇ, ನನ್ನನ್ನು ಪ್ರೀತಿಸುತ್ತೀಯಾ ಎಂದು ಪ್ರಶ್ನೆಯನ್ನೇ ಬದಲಿಸಿದಳು. ಆಮೇಲೆ ಕಾವಲುಗಾರರಿಗೆ ಕುಡಿಸುವ ಉಪಾಯ ಹೇಳಿದಳು. ‘ಸರಿಯೇ?’ ಎಂದು ಕೇಳುತ್ತಿದ್ದವನು ‘ಸಿಕ್ಕಿಬೀಳದೆ ಆಗುತ್ತದೆಯೇ?’ ಎಂದು ಕೇಳತೊಡಗಿದ. ಖಾಲಿ ಉಳಿದ ಆ ಟಿಕ್ ಜಾಗಗಳು ಯಾವ ಉಪನ್ಯಾಸಕ್ಕಿಂತಲೂ ಹೆಚ್ಚು ಕಲಿಸುತ್ತವೆ.

ಮೂರನೇ ಪಿರಿಯಡ್ ಅಭಿನಯಕ್ಕೆ. ನಾವು ಸೋತರೆ ಎಂದು ಅವನು ಕೇಳಿದಾಗ ಅವಳು ಹೇಳುವುದು ಎರಡೇ ಪದ: ‘ವೀ ಫೇಲ್’. 1623ರ ಮುದ್ರಣದಲ್ಲಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆಯಿದೆ. ಆ ಕಾಲದಲ್ಲಿ ಅದೇ ಚಿಹ್ನೆ ಆಶ್ಚರ್ಯಕ್ಕೂ ಬಳಕೆಯಾಗುತ್ತಿತ್ತು. ತರಗತಿಯನ್ನು ಮೂರು ಗುಂಪು ಮಾಡಿ. ಒಂದು ಗುಂಪು ನಂಬಲಾಗದ ಪ್ರಶ್ನೆಯಂತೆ, ಇನ್ನೊಂದು ಲೇವಡಿಯಂತೆ, ಮತ್ತೊಂದು ‘ಸೋತರೆ ಸೋತೆವು’ ಎಂಬ ತಣ್ಣನೆಯ ಮಾತಿನಂತೆ ಹೇಳಲಿ. ಪ್ರತಿ ಗುಂಪೂ ಮುಂದಿನ ಹತ್ತು ಸಾಲನ್ನೂ ಅದೇ ಧಾಟಿಯಲ್ಲಿ ಮುಂದುವರಿಸಬೇಕು. ಎರಡು ಪದದಲ್ಲೇ ನಿಲ್ಲಿಸಿದರೆ ಬರೀ ನಗೆಯಾಟವಾಗುತ್ತದೆ.

ಮೂರನೇ ಹಂತ: ಕೊಲೆಯ ನಂತರ

ಎರಡನೇ ಅಂಕದ ಎರಡನೇ ದೃಶ್ಯದಲ್ಲಿ ತೀರಾ ಚುಟುಕು ಮಾತುಗಳಿವೆ. ‘ವೆನ್?’ ‘ನೌ.’ ‘ಆ್ಯಸ್ ಐ ಡಿಸೆಂಡೆಡ್?’ ‘ಐ’ (ಹೌದು). ಇವನ್ನು ಇಬ್ಬರು ಪಿಸುಮಾತಿನಲ್ಲಿ, ಎಡೆಬಿಡದೆ ಓದಬೇಕು. ನಿಧಾನಿಸಿದರೆ ಇಬ್ಬರ ಗಾಬರಿಯೂ ಮಾಯ. ಕೊಂದು ಬಂದ ಮ್ಯಾಕ್‌ಬೆತ್‌ನ ಕೈಯಲ್ಲಿ ಕಠಾರಿಗಳು ಹಾಗೇ ಇವೆ, ಕಾವಲುಗಾರರ ಬಳಿ ಬಿಟ್ಟು ಬರಬೇಕಿತ್ತು. ಲೇಡಿ ಮ್ಯಾಕ್‌ಬೆತ್ ಅದನ್ನು ನೋಡುವುದು ದೃಶ್ಯ ಅರ್ಧ ಕಳೆದ ಮೇಲೆ. ಹಾಗಾದರೆ ಅಲ್ಲಿಯವರೆಗೆ ಆ ಕೈಗಳು ಎಲ್ಲಿದ್ದವು? ಎರಡು ಸ್ಕೇಲ್ ಕೈಗೆ ಕೊಟ್ಟು ಅಭಿನಯಿಸಲು ಬಿಟ್ಟರೆ ಈ ಪ್ರಶ್ನೆಯನ್ನು ಅವರೇ ಎತ್ತುತ್ತಾರೆ.

ಇಲ್ಲಿಂದ ಮುಂದೆ ಪ್ರತಿ ಸಾಲಿಗೂ ನಿಲ್ಲುವಂತಿಲ್ಲ. ನಾಲ್ಕು ಗುಂಪಿಗೆ ನಾಲ್ಕು ಎಳೆ ಹಂಚಿ: ರಕ್ತ, ನಿದ್ದೆ, ಬಟ್ಟೆ, ಗಂಡಸುತನ. ತಮ್ಮ ಎಳೆ ಬಂದ ಕಡೆಯೆಲ್ಲ ಅಂಕ, ದೃಶ್ಯ, ಯಾರು ಯಾರಿಗೆ ಹೇಳಿದ್ದು ಎಂದು ಗುರುತು ಹಾಕಿಕೊಳ್ಳಲಿ. ಕೊನೆಯ ಎಳೆ ಹಿಡಿದವರಿಗೆ ಭರ್ಜರಿ ಫಸಲು. ಹೆಂಡತಿ ತನ್ನ ಮೇಲೆ ಬಳಸಿದ ಅದೇ ಕೆಣಕುವ ಮಾತನ್ನು ಮೂರನೇ ಅಂಕದ ಮೊದಲಲ್ಲಿ ಮ್ಯಾಕ್‌ಬೆತ್ ಬಾಡಿಗೆ ಕೊಲೆಗಾರರ ಮೇಲೆ ಬಳಸುತ್ತಾನೆ. ಔತಣದಲ್ಲಿ ಅವಳು ಮತ್ತೆ ಕೇಳುತ್ತಾಳೆ, ನೀನು ಗಂಡಸೇ ಎಂದು. ನಾಲ್ಕನೇ ಅಂಕದಲ್ಲಿ ಹೆಂಡತಿ ಮಕ್ಕಳು ಹತರಾದ ಸುದ್ದಿ ಕೇಳಿದ ಸಾಮಂತ ಮ್ಯಾಕ್‌ಡಫ್‌ಗೆ, ಗಂಡಸಿನಂತೆ ಎದುರಿಸು ಎಂದು ಡಂಕನ್‌ನ ಮಗ ಮಾಲ್ಕಂ ಹೇಳಿದರೆ, ಎದುರಿಸುತ್ತೇನೆ, ಆದರೆ ಗಂಡಸಾಗಿಯೇ ಅದನ್ನು ಅನುಭವಿಸಲೂ ಬೇಕು ಎನ್ನುತ್ತಾನೆ ಅವನು. ಅಷ್ಟು ಹೊತ್ತು ನಾಟಕದಲ್ಲಿ ಯಾರೂ ಹೇಳದ ಮಾತದು.

ಔತಣದ ದೃಶ್ಯಕ್ಕೆ ಆರು ಕುರ್ಚಿ ಸಾಕು. ರಾಜನಾದ ಮ್ಯಾಕ್‌ಬೆತ್ ಕೊಲ್ಲಿಸಿದ ಬ್ಯಾಂಕೋನ ಪ್ರೇತ ಬಂದು ಅವನ ಜಾಗದಲ್ಲೇ ಕೂರುತ್ತದೆ ಎಂದು ಫೋಲಿಯೊದ ರಂಗಸೂಚನೆ. ಒಮ್ಮೆ ಪ್ರೇತದ ಕುರ್ಚಿಯಲ್ಲಿ ಒಬ್ಬರನ್ನು ಕೂರಿಸಿ, ಇನ್ನೊಮ್ಮೆ ಖಾಲಿ ಬಿಟ್ಟು ಓದಿಸಿ. ಎರಡನೆಯ ಸಲ ಅತಿಥಿಗಳ ಕಣ್ಣಿಗೆ ರಾಜ ಹೇಗೆ ಕಾಣುತ್ತಾನೆ ಎಂಬುದು ಹೊಳೆಯುತ್ತದೆ.

ನಾಲ್ಕನೇ ಅಂಕದ ಮೂರನೇ ದೃಶ್ಯವನ್ನು ಪೂರ್ತಿ ಓದಿಸಬೇಡಿ. ಮಾಲ್ಕಂ ತನ್ನ ಮೇಲೆ ತಾನೇ ದೋಷ ಹೊರಿಸಿಕೊಂಡು ಮ್ಯಾಕ್‌ಡಫ್‌ನನ್ನು ಪರೀಕ್ಷಿಸುವ ಭಾಗವನ್ನು ಎರಡು ಮಾತಲ್ಲಿ ಹೇಳಿ, ಕೊಲೆಯ ಸುದ್ದಿ ತರುವ ರಾಸ್ ಬರುವಲ್ಲಿಂದ ಹಿಡಿಯಿರಿ. ತರಗತಿ ತೂಕಡಿಸುವುದು ಹೆಚ್ಚಾಗಿ ಇಲ್ಲೇ.

ಚರಿತ್ರೆಗೆ ಜಾಗವಿರುವುದು ಬ್ಯಾಂಕೋನ ವಂಶದ ಎಂಟು ರಾಜರ ಮೆರವಣಿಗೆ ಬರುವ ನಾಲ್ಕನೇ ಅಂಕದ ಮೊದಲ ದೃಶ್ಯದಲ್ಲಿ, ಅದೂ ಹತ್ತೇ ನಿಮಿಷ. ಸ್ಕಾಟ್ಲೆಂಡಿನ ಜೇಮ್ಸ್ 1603ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕೂ ಬಂದ. ಅವನ ವಂಶ ಬ್ಯಾಂಕೋನಿಂದ ಬಂದದ್ದೆಂಬ ನಂಬಿಕೆಯಿತ್ತು. ಮಾಟದ ಬಗ್ಗೆ ಅವನೇ 1597ರಲ್ಲಿ ಪುಸ್ತಕ ಪ್ರಕಟಿಸಿದ್ದ. 1605ರ ನವೆಂಬರ್‌ನಲ್ಲಿ ಅವನನ್ನು ಪಾರ್ಲಿಮೆಂಟಿನ ಸಮೇತ ಸ್ಫೋಟಿಸುವ ಸಂಚು ಬಯಲಾಗಿತ್ತು. ಶೇಕ್ಸ್‌ಪಿಯರ್ ಕಥೆ ಎತ್ತಿಕೊಂಡ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಬ್ಯಾಂಕೋ ಕೊಲೆಯಲ್ಲಿ ಪಾಲುದಾರ, ನಾಟಕದಲ್ಲಿ ನಿರಪರಾಧಿ. ಯಾಕಿರಬಹುದು ಎಂದು ಕೇಳಿ ಬಿಟ್ಟುಬಿಡಿ. ನಿಜವಾದ ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಆಳಿದ ಎಂಬುದು ಕುತೂಹಲಕ್ಕೆ ಮಾತ್ರ, ಪ್ರಬಂಧದಲ್ಲಿ ತುರುಕಿದರೆ ಅಂಕ ಸಿಗದು.

ಐದನೇ ಅಂಕದಲ್ಲಿ ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುವ ದೃಶ್ಯ ಗದ್ಯದಲ್ಲಿದೆ, ಲಯ ಮುರಿದುಬಿದ್ದಿದೆ. ಸ್ವಲ್ಪ ನೀರಿದ್ದರೆ ಎಲ್ಲ ತೊಳೆದುಹೋಗುತ್ತದೆ ಎಂದು ಅವಳು ಎರಡನೇ ಅಂಕದಲ್ಲಿ ಹೇಳಿದ್ದ ಸಾಲನ್ನು ಬೋರ್ಡಿನ ಮೇಲೆ ಬರೆದಿಟ್ಟು ಓದಿಸಿ. ಸಿನಿಮಾ ತೋರಿಸುವುದಾದರೆ ಓದಿಯಾದ ಮೇಲೆ, ಒಂದೇ ದೃಶ್ಯವನ್ನು ಎರಡು ಬೇರೆ ಚಿತ್ರಗಳಿಂದ, ಐದೈದು ನಿಮಿಷ. ಮೊದಲೇ ಪೂರ್ತಿ ತೋರಿಸಿದರೆ ಆ ನಟನ ಮುಖವೇ ಕೊನೆಯವರೆಗೂ ಮ್ಯಾಕ್‌ಬೆತ್.

ಬರೆಸುವುದು

ಮ್ಯಾಕ್‌ಬೆತ್‌ನ ಪಾತ್ರಚಿತ್ರಣ ಮಾಡಿ ಎಂದು ಕೇಳಿದರೆ ಕಥೆಯ ಸಾರಾಂಶವೇ ಬರುತ್ತದೆ, ಅದು ಪ್ರಶ್ನೆಯ ತಪ್ಪು. ‘ಅವನು ಹಿಂದಿರುಗಲಾರದ ಹಂತ ಯಾವ ದೃಶ್ಯದಲ್ಲಿ ಬಂತು?’ ಎಂದು ಕೇಳಿ. ಏಳನೇ ದೃಶ್ಯ ಎನ್ನುವವರೂ, ಬ್ಯಾಂಕೋನ ಕೊಲೆ ಎನ್ನುವವರೂ, ಮ್ಯಾಕ್‌ಡಫ್‌ನ ಮನೆಯ ಮೇಲಿನ ದಾಳಿ ಎನ್ನುವವರೂ ಇರುತ್ತಾರೆ, ಮೂರನ್ನೂ ಸಮರ್ಥಿಸಬಹುದು. ಉದ್ಧರಣೆ ಎಂಟು ಪದ ಮೀರಬಾರದು. ಅದಾದ ಮೇಲೆ ಕನಿಷ್ಠ ಎರಡು ವಾಕ್ಯ ಅದರಲ್ಲಿನ ಒಂದು ಪದದ ಬಗ್ಗೆಯೇ ಇರಬೇಕು. ‘ಇದರಿಂದ ಅವನ ಅತಿಯಾಸೆ ತಿಳಿಯುತ್ತದೆ’ ಎಂಬ ವಾಕ್ಯಕ್ಕೆ ಅಡ್ಡಗೆರೆ ಎಳೆದು, ಯಾವ ಪದದಿಂದ ತಿಳಿಯುತ್ತದೆ ಎಂದು ಪಕ್ಕದಲ್ಲಿ ಬರೆಯಿರಿ. ಅರಿಸ್ಟಾಟಲ್‌ನ ‘ಹಮಾರ್ಷಿಯ’ವನ್ನು ಪರಿಚಯಿಸುವುದಾದರೆ ಈಗ ಮಾಡಿ, ಸ್ವಭಾವದ ಕಳಂಕ ಎನ್ನದೆ ಎಡವಿದ ತೀರ್ಮಾನ ಎಂದು ವಿವರಿಸಿ, ಏಳನೇ ದೃಶ್ಯದ ಪಟ್ಟಿ ನೋಟ್‌ಬುಕ್‌ನಲ್ಲಿ ಇದ್ದೇ ಇದೆ. ಎರಡನೇ ಪಿರಿಯಡ್‌ನಲ್ಲಿ ಇಡೀ ಪ್ರಬಂಧ ಮತ್ತೆ ಬರೆಸಬೇಡಿ, ಅತಿ ದುರ್ಬಲವಾದ ಒಂದು ಪ್ಯಾರಾ ಮಾತ್ರ ಸಾಕು.